162 ಪಂದ್ಯ, 121 ಸೋಲು: ಚಿಕಾಗೋ ವೈಟ್ ಸಾಕ್ಸ್ ತಂಡಕ್ಕೆ 2024ರಲ್ಲಿ ಆಗಿದ್ದೇನು? ಇಲ್ಲಿದೆ ಪೂರ್ತಿ ವಿವರ

ನನ್ನ ಗೆಳೆಯ ಒಬ್ಬ ಬೆಂಗಳೂರಲ್ಲಿ ನೈಟ್ ಶಿಫ್ಟ್ ಮಾಡ್ತಾನೆ. ಅವನ ಕ್ಲೈಂಟ್ ಚಿಕಾಗೋದವರು. ನಮಗೆ ಸಂಜೆ ಏಳೂವರೆ ಅಂದ್ರೆ ಅವರಿಗೆ ಬೆಳಗ್ಗೆ ಒಂಬತ್ತು. ಆ ಹೊತ್ತಿಗೆ ಕಾಲ್ ಶುರು. 2024ರ ಬೇಸಿಗೆ ಪೂರ್ತಿ ಆ ಕಾಲ್‌ನಲ್ಲಿ ಅವರು ಮೊದಲು ಹೇಳ್ತಿದ್ದ ಮಾತು ಒಂದೇ, ನಿನ್ನೆ ರಾತ್ರಿನೂ ಸೋತ್ವಿ ಅಂತ. ಶುರುವಲ್ಲಿ ಇವನು ಸುಮ್ನೆ ಹೂಂ ಅಂತಿದ್ದ. ಆಮೇಲಾಮೇಲೆ ಇವನೇ ಬೆಳಗ್ಗೆ ಮಲಗೋ ಮುಂಚೆ ಸ್ಕೋರ್ ನೋಡೋಕೆ ಶುರು ಮಾಡಿದ. ಬೇಸ್‌ಬಾಲ್‌ನ ಎಬಿಸಿಡಿ ಗೊತ್ತಿಲ್ಲದವನು ನನಗೆ ಫೋನ್ ಮಾಡಿ, "ಲೋ, ಇವತ್ತೂ ಹೋಯ್ತು ಕಣೋ" ಅನ್ನೋನು.

ಆ ತಂಡದ ಹೆಸರು ಚಿಕಾಗೋ ವೈಟ್ ಸಾಕ್ಸ್. 2024ರಲ್ಲಿ ಆಡಿದ್ದು 162 ಪಂದ್ಯ, ಗೆದ್ದಿದ್ದು 41, ಸೋತಿದ್ದು 121. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 1900ರಿಂದ ಈಚೆಗೆ ಒಂದೇ ಸೀಸನ್‌ನಲ್ಲಿ ಇಷ್ಟು ಪಂದ್ಯ ಸೋತ ತಂಡ ಬೇರೆ ಇಲ್ಲ.

ಇದೇ ತಂಡ ಮೂರು ವರ್ಷ ಮುಂಚೆ, 2021ರಲ್ಲಿ, ತನ್ನ ವಿಭಾಗದ ಚಾಂಪಿಯನ್ ಆಗಿತ್ತು. ಹಾಗಾದ್ರೆ ಮೂರೇ ವರ್ಷದಲ್ಲಿ ಈ ಗತಿ ಹೇಗೆ ಬಂತು? ಆಟಗಾರರು ಕೆಟ್ಟವರಾ, ಮಾಲೀಕರು ಜಿಪುಣರಾ, ಇಲ್ಲಾ ಬೇಕಂತಲೇ ಸೋತ್ರಾ? ಬೇಸ್‌ಬಾಲ್ ಗೊತ್ತಿಲ್ಲದ ನಮ್ಮ ಓದುಗರಿಗೂ ಅರ್ಥ ಆಗೋ ಹಾಗೆ ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ: 162 ಪಂದ್ಯ ಅಂದ್ರೆ ಎಷ್ಟು?

ಮೇಜರ್ ಲೀಗ್‌ನಲ್ಲಿ ಒಟ್ಟು 30 ತಂಡಗಳಿವೆ. ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಗೆ ಲೀಗ್ ಹಂತ ಮುಗಿಯುತ್ತೆ. ಈ ಆರು ತಿಂಗಳಲ್ಲಿ ಒಂದೊಂದು ತಂಡ 162 ಪಂದ್ಯ ಆಡಬೇಕು. ಅಂದ್ರೆ ಹೆಚ್ಚುಕಮ್ಮಿ ದಿನಾ ಮ್ಯಾಚ್. ಒಂದು ಊರಿಗೆ ಹೋದ್ರೆ ಅಲ್ಲಿ ಮೂರೋ ನಾಲ್ಕೋ ಪಂದ್ಯ ಆಡಿ ಮುಂದಿನ ಊರಿಗೆ ಹೊರಡೋದು.

ಒಂದು ಪಂದ್ಯಕ್ಕೆ 9 ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದು ತಂಡದ ಮೂವರು ಔಟ್ ಆದ್ರೆ ಬ್ಯಾಟಿಂಗ್ ಬದಲು. ಬ್ಯಾಟರ್ ಮೂರು ಬೇಸ್ ಮುಟ್ಟಿಕೊಂಡು ವಾಪಸ್ ಹೋಮ್‌ಗೆ ಬಂದ್ರೆ ಮಾತ್ರ ಒಂದು ರನ್. ಹಾಗಾಗಿ ಕ್ರಿಕೆಟ್ ಥರ ನೂರು, ಇನ್ನೂರು ಇಲ್ಲ. ಒಂದು ತಂಡ ಒಂದು ಪಂದ್ಯದಲ್ಲಿ ನಾಲ್ಕು, ನಾಲ್ಕೂವರೆ ರನ್ ಮಾಡೋದು ಸರಾಸರಿ.

ಈ ಆಟದಲ್ಲಿ ಸೋಲು ಅನ್ನೋದು ಮಾಮೂಲಿ. 2024ರಲ್ಲಿ ಕಪ್ ಗೆದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ ಲೀಗ್ ಹಂತದಲ್ಲಿ 98 ಗೆದ್ದು 64 ಸೋತಿತ್ತು. ಚಾಂಪಿಯನ್ ತಂಡವೇ 64 ಸಲ ಸೋತಿದೆ ನೋಡಿ! ಅಲ್ಲಿನ ಅಭಿಮಾನಿಗಳಲ್ಲಿ ಒಂದು ಹಳೇ ಮಾತಿದೆ: ಎಂಥ ದರಿದ್ರ ತಂಡವಾದ್ರೂ 60 ಗೆಲ್ಲುತ್ತೆ, ಎಂಥ ಗಟ್ಟಿ ತಂಡವಾದ್ರೂ 60 ಸೋಲುತ್ತೆ, ಉಳಿದ 42 ಪಂದ್ಯದಲ್ಲಿ ಏನು ಮಾಡ್ತೀಯ ಅನ್ನೋದೇ ಸೀಸನ್. ವೈಟ್ ಸಾಕ್ಸ್ ಆ 60ಕ್ಕೂ 19 ಕಡಿಮೆ ಬಿತ್ತು.

ನಮ್ಮ ಲೆಕ್ಕಕ್ಕೆ ತಂದು ನೋಡೋಣ. 2017ರ ಐಪಿಎಲ್‌ನಲ್ಲಿ ಆರ್‌ಸಿಬಿ 14ರಲ್ಲಿ 3 ಗೆದ್ದು, 10 ಸೋತು, ಕೊನೇ ಸ್ಥಾನಕ್ಕೆ ಹೋಗಿತ್ತು. ಕೋಲ್ಕತ್ತಾದಲ್ಲಿ 49ಕ್ಕೆ ಆಲೌಟ್ ಆದ ವರ್ಷ ಅದು, ಯಾರೂ ಮರೆತಿಲ್ಲ. ಶೇಕಡಾವಾರು ನೋಡಿದ್ರೆ ವೈಟ್ ಸಾಕ್ಸ್‌ದೂ ಸುಮಾರು ಅದೇ ಲೆಕ್ಕ, ನಾಲ್ಕಕ್ಕೆ ಒಂದು ಗೆಲುವು. ಆದ್ರೆ ಆರ್‌ಸಿಬಿಯ ಆ ನರಳಾಟ ಒಂದೂವರೆ ತಿಂಗಳಲ್ಲಿ ಮುಗೀತು. 14 ಪಂದ್ಯದಲ್ಲಿ ಟಾಸ್, ಮಳೆ, ಒಂದು ಕ್ಯಾಚ್ ಬಿಟ್ಟಿದ್ದು ಎಲ್ಲಾ ಸೇರಿ ಯಾವ ತಂಡ ಬೇಕಾದ್ರೂ ಕೊನೇ ಸ್ಥಾನಕ್ಕೆ ಬರಬಹುದು. 162 ಪಂದ್ಯದಲ್ಲಿ ನಸೀಬು ಅಂತ ಹೇಳೋಕಾಗಲ್ಲ. ತಂಡದ ನಿಜವಾದ ಬಣ್ಣ ಹೊರಗೆ ಬಂದೇ ಬರುತ್ತೆ.

ಯಾವುದು ಈ ತಂಡ?

ಚಿಕಾಗೋ ಅಂದ್ರೆ ನಮಗೆ ಮೊದಲು ನೆನಪಾಗೋದು 1893ರ ಸ್ವಾಮಿ ವಿವೇಕಾನಂದರ ಭಾಷಣ. ಬೇಸ್‌ಬಾಲ್ ನೋಡೋರಿಗೆ ಅದು ಎರಡು ತಂಡಗಳ ಊರು. ಉತ್ತರ ಭಾಗಕ್ಕೆ ಕಬ್ಸ್, ದಕ್ಷಿಣ ಭಾಗಕ್ಕೆ ವೈಟ್ ಸಾಕ್ಸ್. ಕಬ್ಸ್‌ಗೆ ಹೆಸರು, ಟೂರಿಸ್ಟ್, ದುಡ್ಡು ಎಲ್ಲಾ ಜಾಸ್ತಿ. ವೈಟ್ ಸಾಕ್ಸ್ ಅಂದ್ರೆ ಸೌತ್ ಸೈಡ್‌ನ ದುಡಿಯೋ ಜನರ ತಂಡ ಅನ್ನೋ ಭಾವನೆ ಅಲ್ಲಿನವರಿಗಿದೆ.

ತಂಡದ ಚರಿತ್ರೆಯಲ್ಲೂ ನೋವಿದೆ. 1919ರ ಫೈನಲ್‌ನಲ್ಲಿ ದುಡ್ಡು ತಗೊಂಡು ಬೇಕಂತಲೇ ಸೋತರು ಅನ್ನೋ ಆರೋಪದಲ್ಲಿ ಈ ತಂಡದ ಎಂಟು ಆಟಗಾರರಿಗೆ ಆಜೀವ ನಿಷೇಧ ಬಿತ್ತು. 1917ರಲ್ಲಿ ಗೆದ್ದ ಕಪ್ ಮತ್ತೆ ಸಿಗೋಕೆ 2005ರ ತನಕ, ಅಂದ್ರೆ 88 ವರ್ಷ ಕಾಯಬೇಕಾಯ್ತು. ಅದಕ್ಕೂ ಹಿಂದಿನ ವರ್ಷ ಬಾಸ್ಟನ್ ರೆಡ್ ಸಾಕ್ಸ್ 86 ವರ್ಷದ ಬರ ನೀಗಿಸಿತ್ತು, 2016ರಲ್ಲಿ ಕಬ್ಸ್ 108 ವರ್ಷದ್ದು. ಆ ಎರಡರ ಮಧ್ಯ ವೈಟ್ ಸಾಕ್ಸ್‌ನ 88 ವರ್ಷದ ಕಥೆ ಜಗತ್ತಿಗೆ ಕೇಳಿಸಲೇ ಇಲ್ಲ.

ಮಾಲೀಕರು ಜೆರ್ರಿ ರೈನ್ಸ್‌ಡಾರ್ಫ್. 1981ರಿಂದ ತಂಡ ಅವರ ಕೈಯಲ್ಲಿದೆ. ಮೈಕಲ್ ಜೋರ್ಡನ್ ಆಡುತ್ತಿದ್ದ ಚಿಕಾಗೋ ಬುಲ್ಸ್ ಬಾಸ್ಕೆಟ್‌ಬಾಲ್ ತಂಡವೂ ಅವರದ್ದೇ. 1994ರಲ್ಲಿ ಜೋರ್ಡನ್ ಬಾಸ್ಕೆಟ್‌ಬಾಲ್ ಬಿಟ್ಟು ಬೇಸ್‌ಬಾಲ್ ಕೈಗೆತ್ತಿಕೊಂಡಾಗ ಆಡಿದ್ದೂ ವೈಟ್ ಸಾಕ್ಸ್‌ನ ಕೆಳಹಂತದ ತಂಡದಲ್ಲೇ.

ಏರಿದ್ದು ಹೇಗೆ, ಜಾರಿದ್ದು ಹೇಗೆ

ಈ ಕಥೆ ಶುರುವಾಗೋದು 2016ರ ಡಿಸೆಂಬರ್‌ನಲ್ಲಿ. ಆಗ ತಂಡದವರು ಒಂದು ನಿರ್ಧಾರ ಮಾಡಿದರು: ಇರೋ ಸ್ಟಾರ್‌ಗಳನ್ನ ಕೊಟ್ಟು, ಬದಲಿಗೆ ಬೇರೆ ತಂಡಗಳ ಎಳೇ ಹುಡುಗರನ್ನ ತರೋದು. ಕ್ರಿಸ್ ಸೇಲ್ ಅನ್ನೋ ದೊಡ್ಡ ಪಿಚರ್‌ನನ್ನು ಬಾಸ್ಟನ್‌ಗೆ ಕೊಟ್ಟು ಯೋವಾನ್ ಮೊಂಕಾಡಾ, ಮೈಕಲ್ ಕೋಪೆಕ್ ಅವರನ್ನ ತಂದರು. 2017ರಲ್ಲಿ ಹೊಸೆ ಕಿಂಟಾನಾನನ್ನು ಕಬ್ಸ್‌ಗೇ ಕೊಟ್ಟು ಎಲಾಯ್ ಹಿಮೆನೆಜ್, ಡಿಲನ್ ಸೀಸ್ ಅವರನ್ನ ಪಡೆದರು. ಇದಕ್ಕೆ ಅಲ್ಲಿ ರೀಬಿಲ್ಡ್ ಅಂತಾರೆ. ಹಳೇ ಮನೆ ಕೆಡವಿ ಹೊಸದು ಕಟ್ಟೋದು. ಕಟ್ಟೋವರೆಗೂ ಅಭಿಮಾನಿಗಳು ಶೆಡ್‌ನಲ್ಲಿ ಇರಬೇಕು. 2018ರಲ್ಲಿ 100 ಪಂದ್ಯ ಸೋತರು. ಜನ ಸಹಿಸಿಕೊಂಡರು.

ಫಲವೂ ಬಂತು. 2020ರಲ್ಲಿ ಪ್ಲೇಆಫ್. 2021ರಲ್ಲಿ 93 ಗೆಲುವು, ವಿಭಾಗಕ್ಕೆ ಮೊದಲು. ಆ ವರ್ಷ ಆಗಸ್ಟ್‌ನಲ್ಲಿ ಅಯೋವಾ ರಾಜ್ಯದ ಜೋಳದ ಹೊಲದ ಪಕ್ಕ ಕಟ್ಟಿದ ಮೈದಾನದಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಪಂದ್ಯ. ಕೊನೇ ಇನ್ನಿಂಗ್ಸ್‌ನಲ್ಲಿ ಟಿಮ್ ಆಂಡರ್ಸನ್ ಹೊಡೆದ ಹೋಮ್ ರನ್ ಸೀದಾ ಜೋಳದೊಳಗೆ ಹೋಗಿ ಬಿತ್ತು, ವೈಟ್ ಸಾಕ್ಸ್ 9-8ರಿಂದ ಗೆದ್ದಿತು. ಇನ್ನು ನಾಲ್ಕೈದು ವರ್ಷ ಇವರದ್ದೇ ಅಂತ ಎಲ್ಲರೂ ಅಂದುಕೊಂಡ್ರು.

ಆಗಲಿಲ್ಲ. ಆ ವರ್ಷ ಪ್ಲೇಆಫ್‌ನಲ್ಲಿ ಹ್ಯೂಸ್ಟನ್ ಎದುರು 3-1ರಿಂದ ಸೋತರು. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 61 ಗೆಲುವು, 101 ಸೋಲು. ಕಾರಣ ಹಲವು. ಮುಖ್ಯ ಆಟಗಾರರಿಗೆ ಪದೇಪದೇ ಗಾಯ. ಹೊಸಬರು ತಯಾರಾಗಲಿಲ್ಲ. ಮೇಲಾಗಿ, ಹುಡುಗರನ್ನ ಕಟ್ಟಿ ಬೆಳೆಸಿದ್ದ ಮ್ಯಾನೇಜರ್‌ನನ್ನು 2020ರ ಕೊನೆಗೆ ಬದಲಾಯಿಸಿ, ಮಾಲೀಕರು ತಮ್ಮ ಹಳೇ ಪರಿಚಯದ, ಆಗ 76 ವರ್ಷದ ಟೋನಿ ಲಾ ರುಸ್ಸಾ ಅವರನ್ನ ಕರೆತಂದಿದ್ದರು. ಲಾ ರುಸ್ಸಾ ಹಿಂದೆ ಕಪ್ ಗೆದ್ದ ದೊಡ್ಡ ಮನುಷ್ಯರೇ. ಆದ್ರೆ 2011ರಿಂದ ಆ ಕೆಲಸದಲ್ಲೇ ಇರಲಿಲ್ಲ. 2022ರಲ್ಲಿ ಆರೋಗ್ಯ ಕೈಕೊಟ್ಟು ಅವರೂ ಹೊರಟರು.

2023ರ ಆಗಸ್ಟ್‌ನಲ್ಲಿ ಮಾಲೀಕರು ತಂಡ ನಡೆಸುತ್ತಿದ್ದ ಇಬ್ಬರು ಹಿರಿಯ ಅಧಿಕಾರಿಗಳನ್ನು, ಕೆನ್ ವಿಲಿಯಮ್ಸ್ ಮತ್ತು ರಿಕ್ ಹಾನ್, ತೆಗೆದರು. ಹೊರಗಿನಿಂದ ಹೊಸಬರನ್ನ ತರಬಹುದು ಅಂತ ಜನ ಕಾದಿದ್ರು. ಆದರೆ ಸಂಸ್ಥೆಯಲ್ಲೇ ಕೆಳಹಂತದ ಆಟಗಾರರ ವಿಭಾಗ ನೋಡಿಕೊಳ್ಳುತ್ತಿದ್ದ ಕ್ರಿಸ್ ಗೆಟ್ಜ್ ಅವರನ್ನೇ ಜನರಲ್ ಮ್ಯಾನೇಜರ್ ಮಾಡಿದರು. ಮತ್ತೆ ಮನೆ ಕೆಡವೋ ಕೆಲಸ ಶುರು. ಒಂದು ವ್ಯತ್ಯಾಸ ಇತ್ತು. 2016ರಲ್ಲಿ ಕೊಡೋಕೆ ಸ್ಟಾರ್‌ಗಳಿದ್ರು. ಈ ಸಲ ಕೊಡೋಕೂ ಜಾಸ್ತಿ ಜನ ಉಳಿದಿರಲಿಲ್ಲ.

2024: ತಿಂಗಳು ತಿಂಗಳಿಗೆ ಏನಾಯ್ತು?

ಮಾರ್ಚ್: ಸೀಸನ್ ಶುರುವಾಗೋಕೆ ಎರಡು ವಾರ ಇರುವಾಗ ತಂಡದ ನಂಬರ್ ಒನ್ ಪಿಚರ್ ಡಿಲನ್ ಸೀಸ್ ಅವರನ್ನ ಸ್ಯಾನ್ ಡಿಯಾಗೋಗೆ ಕೊಟ್ಟರು. ಮಾರ್ಚ್ 28ರ ಮೊದಲ ಪಂದ್ಯದಲ್ಲಿ ಡೆಟ್ರಾಯಿಟ್ ಎದುರು 1-0 ಸೋಲು. ಪಿಚರ್ ಗ್ಯಾರೆಟ್ ಕ್ರೋಶೆ ಚೆನ್ನಾಗೇ ಎಸೆದರು, ಆದ್ರೆ ಬ್ಯಾಟಿಂಗ್‌ನಿಂದ ಒಂದು ರನ್ ಕೂಡ ಬರಲಿಲ್ಲ. ವರ್ಷ ಪೂರ್ತಿ ಇದೇ ಕಥೆ ಆಗುತ್ತೆ ಅಂತ ಆವತ್ತು ಯಾರಿಗೂ ಗೊತ್ತಿರಲಿಲ್ಲ.

ಏಪ್ರಿಲ್: ಮೊದಲ 25 ಪಂದ್ಯದಲ್ಲಿ 3 ಗೆಲುವು, 22 ಸೋಲು. ತಂಡದ ಅತ್ಯುತ್ತಮ ಬ್ಯಾಟರ್ ಲೂಯಿಸ್ ರಾಬರ್ಟ್ ಜೂನಿಯರ್ ಗಾಯವಾಗಿ ವಾರಗಟ್ಟಲೆ ಹೊರಗೆ. ಮೊಂಕಾಡಾಗೂ ಗಾಯ, ಇಡೀ ವರ್ಷದಲ್ಲಿ ಅವರು ಆಡಿದ್ದು 12 ಪಂದ್ಯ ಮಾತ್ರ.

ಮೇ: 23ನೇ ತಾರೀಖು ಬಾಲ್ಟಿಮೋರ್ ಎದುರು ಕೊನೇ ಇನ್ನಿಂಗ್ಸ್. ಸ್ಕೋರ್ 8-6, ವೈಟ್ ಸಾಕ್ಸ್ ಇನ್ನೂ ರೇಸ್‌ನಲ್ಲಿತ್ತು, ಬೇಸ್ ಮೇಲೆ ಇಬ್ಬರಿದ್ದರು. ಬ್ಯಾಟರ್ ಹೊಡೆದ ಚೆಂಡು ಅಲ್ಲೇ ಮೇಲಕ್ಕೆ ಹೋಯ್ತು. ನಿಯಮದ ಪ್ರಕಾರ ಬ್ಯಾಟರ್ ಔಟ್. ಜೊತೆಗೆ ಬೇಸ್ ಮೇಲಿದ್ದ ಆಂಡ್ರ್ಯೂ ವಾನ್ ಫೀಲ್ಡರ್‌ಗೆ ಅಡ್ಡ ಬಂದರು ಅಂತ ಅವರಿಗೂ ಔಟ್. ಎರಡು ಔಟ್, ಪಂದ್ಯ ಮುಕ್ತಾಯ. ಹೀಗೂ ಸೋಲಬಹುದು ಅಂತ ಬಹಳ ಜನರಿಗೆ ಗೊತ್ತಾಗಿದ್ದೇ ಆವತ್ತು. ಮೇ 22ಕ್ಕೆ ಶುರುವಾಗಿದ್ದ ಆ ಸೋಲಿನ ಸರಣಿ ನಿಂತಿದ್ದು ಜೂನ್‌ನಲ್ಲಿ, 14 ಸೋಲಾದ ಮೇಲೆ.

ಜುಲೈ-ಆಗಸ್ಟ್: ಇದು ನಿಜವಾದ ಪಾತಾಳ. ಜುಲೈ 10ರಿಂದ ಆಗಸ್ಟ್ 5ರ ತನಕ ಸತತ 21 ಸೋಲು. 1988ರಲ್ಲಿ ಬಾಲ್ಟಿಮೋರ್ ಸೀಸನ್‌ನ ಮೊದಲ 21 ಪಂದ್ಯ ಸೋತಿತ್ತು. ಅಮೆರಿಕನ್ ಲೀಗ್‌ನ ಆ ದಾಖಲೆಗೆ ಇದು ಸಮ. ಹೊಟ್ಟೆ ಉರಿಸೋ ಇನ್ನೊಂದು ವಿಷಯ ಏನಂದ್ರೆ, ಈ ಸೋಲುಗಳ ಮಧ್ಯದಲ್ಲೇ, ಜುಲೈ 25ರಂದು, ಇವರು ಕೊಟ್ಟು ಕಳಿಸಿದ್ದ ಡಿಲನ್ ಸೀಸ್ ಸ್ಯಾನ್ ಡಿಯಾಗೋ ಪರ ನೋ-ಹಿಟ್ಟರ್ ಎಸೆದರು. ಅಂದ್ರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದು ಹಿಟ್ ಕೂಡ ಕೊಡದೆ ಮುಗಿಸೋದು. ನಮ್ಮಲ್ಲಿ ಕುಂಬ್ಳೆ ಒಂದೇ ಇನ್ನಿಂಗ್ಸ್‌ನಲ್ಲಿ 10 ವಿಕೆಟ್ ತೆಗೆದರಲ್ಲ, ಆ ಥರ ಜೀವಮಾನದಲ್ಲಿ ನೆನಪಿಡೋ ಸಾಧನೆ.

ಆಗಸ್ಟ್ 6ರಂದು ಓಕ್‌ಲ್ಯಾಂಡ್‌ನಲ್ಲಿ 5-1ರಿಂದ ಗೆದ್ದು ಸರಣಿ ಮುರಿದರು. ಎರಡೇ ದಿನಕ್ಕೆ, ಆಗಸ್ಟ್ 8ರಂದು, ಮ್ಯಾನೇಜರ್ ಪೆಡ್ರೊ ಗ್ರಿಫೋಲ್ ಅವರ ಕೆಲಸ ಹೋಯ್ತು. ಆಗ ಲೆಕ್ಕ 28 ಗೆಲುವು, 89 ಸೋಲು. ಮಾಜಿ ಆಟಗಾರ ಗ್ರೇಡಿ ಸೈಜ್‌ಮೋರ್ ತಾತ್ಕಾಲಿಕವಾಗಿ ಬಂದರು. ಅವರ ಕೈಯಲ್ಲೂ ಕೊನೆಗೆ 13 ಗೆಲುವು, 32 ಸೋಲು.

ಕಾರಣ ಏನು? ನಾಲ್ಕು ಮುಖ್ಯ ಅಂಶ

1. ರನ್ನೇ ಬರಲಿಲ್ಲ. ಇಡೀ ಸೀಸನ್‌ನಲ್ಲಿ ಹೊಡೆದಿದ್ದು 507 ರನ್, 30 ತಂಡಗಳಲ್ಲಿ ಅತಿ ಕಡಿಮೆ. ಕೊಟ್ಟಿದ್ದು 813. ವ್ಯತ್ಯಾಸ ಮೈನಸ್ 306. ಪಂದ್ಯಕ್ಕೆ ಮೂರು ರನ್ ಹೊಡೆದು ಐದು ಕೊಟ್ರೆ ಯಾವ ಕೋಚ್ ಬಂದ್ರೂ ಗೆಲ್ಲಿಸೋಕಾಗಲ್ಲ.

2. ಇದ್ದವರನ್ನೂ ಕೊಟ್ಟರು. ಜುಲೈ ಕೊನೆಗೆ ಆಟಗಾರರ ಅದಲುಬದಲಿಗೆ ಕೊನೇ ದಿನ. ಅದರ ಮುಂಚೆ ಎರಿಕ್ ಫೆಡ್ಡಿ, ಟಾಮಿ ಫಾಮ್, ಕೋಪೆಕ್, ಹಿಮೆನೆಜ್ ಎಲ್ಲರೂ ಬೇರೆ ತಂಡಕ್ಕೆ ಹೋದರು. ಅದರಲ್ಲಿ ಕೋಪೆಕ್ ಡಾಡ್ಜರ್ಸ್ ಸೇರಿ ಅದೇ ವರ್ಷ ಕಪ್ ಎತ್ತಿದರು. 121 ಸೋತ ತಂಡದಿಂದ ಚಾಂಪಿಯನ್ ತಂಡಕ್ಕೆ ಮೂರೇ ತಿಂಗಳ ದಾರಿ!

3. ಬೆಳೆಸೋ ವ್ಯವಸ್ಥೆ ಇರಲಿಲ್ಲ. ಬೇಸ್‌ಬಾಲ್‌ನಲ್ಲಿ ಹೈಸ್ಕೂಲ್, ಕಾಲೇಜು ಹುಡುಗರು ಸೀದಾ ದೊಡ್ಡ ತಂಡಕ್ಕೆ ಬರಲ್ಲ. ಮೈನರ್ ಲೀಗ್ ಅಂತ ಹಲವು ಮೆಟ್ಟಿಲು. ಅಲ್ಲಿ ಎರಡು, ಮೂರು, ನಾಲ್ಕು ವರ್ಷ ಪಳಗಬೇಕು. ಒಳ್ಳೆ ತಂಡಗಳು ಇಲ್ಲಿ ಕ್ಯಾಮೆರಾ, ಕಂಪ್ಯೂಟರ್, ಡೇಟಾ ಅಂತ ದುಡ್ಡು ಸುರಿದಿವೆ. ವೈಟ್ ಸಾಕ್ಸ್ ಈ ವಿಷಯದಲ್ಲಿ ಹಿಂದೆ ಬಿದ್ದಿದೆ ಅನ್ನೋದು ಅಲ್ಲಿನ ಪತ್ರಕರ್ತರು ವರ್ಷಗಳಿಂದ ಬರೀತಿದ್ದ ಮಾತು. ಗಾಯವಾದವರ ಜಾಗಕ್ಕೆ ಕೆಳಗಿಂದ ಕರೆಸೋಕೆ ತಯಾರಾದ ಹುಡುಗರು ಇರಲಿಲ್ಲ.

4. ಮಾಲೀಕರ ಕೈ ಬಿಗಿ. ಮೇಜರ್ ಲೀಗ್‌ನಲ್ಲಿ ಐಪಿಎಲ್ ಥರ ಎಲ್ಲರಿಗೂ ಒಂದೇ ಪರ್ಸ್ ಇಲ್ಲ. ಯಾರು ಎಷ್ಟು ಬೇಕಾದ್ರೂ ಖರ್ಚು ಮಾಡಬಹುದು, ಮಿತಿ ಮೀರಿದ್ರೆ ತೆರಿಗೆ ಕಟ್ಟಬೇಕು ಅಷ್ಟೇ. ಡಾಡ್ಜರ್ಸ್ 2023ರ ಡಿಸೆಂಬರ್‌ನಲ್ಲಿ ಜಪಾನ್‌ನ ಶೋಹೆ ಒಟಾನಿ ಒಬ್ಬರಿಗೇ 10 ವರ್ಷಕ್ಕೆ 70 ಕೋಟಿ ಡಾಲರ್ ಕೊಟ್ಟಿತು. ಆ ಹೊತ್ತಿಗೆ ವೈಟ್ ಸಾಕ್ಸ್ ತನ್ನ ಇಡೀ ಚರಿತ್ರೆಯಲ್ಲಿ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ ಆಂಡ್ರ್ಯೂ ಬೆನಿಂಟೆಂಡಿ ಅವರದ್ದು, 5 ವರ್ಷಕ್ಕೆ 7.5 ಕೋಟಿ ಡಾಲರ್. ಚಿಕಾಗೋ ಅಮೆರಿಕದ ಮೂರನೇ ದೊಡ್ಡ ನಗರ ಅನ್ನೋದು ನೆನಪಿರಲಿ.

ಬೇಕಂತಲೇ ಸೋತ್ರಾ?

ಈ ಪ್ರಶ್ನೆ ಎಲ್ಲರೂ ಕೇಳ್ತಾರೆ. ಉತ್ತರ ಎರಡು ಭಾಗ.

ಮೈದಾನದಲ್ಲಿ ಆಡೋ ಹುಡುಗರು ಬೇಕಂತ ಸೋಲಲ್ಲ. ಅವರಿಗೆ ಮುಂದಿನ ವರ್ಷದ ಕೆಲಸ ಇವತ್ತಿನ ಆಟದ ಮೇಲೆ ನಿಂತಿರುತ್ತೆ. ಆದ್ರೆ ಆಫೀಸಲ್ಲಿ ಕೂತವರು, ಈ ವರ್ಷ ಗೆಲ್ಲೋದು ಬೇಡ, ಮುಂದಕ್ಕೆ ನೋಡೋಣ ಅಂತ ತೀರ್ಮಾನ ಮಾಡಬಹುದು. ಇದಕ್ಕೆ ಟ್ಯಾಂಕಿಂಗ್ ಅಂತಾರೆ.

ಟ್ಯಾಂಕಿಂಗ್‌ಗೆ ಕಾರಣ ಡ್ರಾಫ್ಟ್ ಅನ್ನೋ ಪದ್ಧತಿ. ಪ್ರತಿ ವರ್ಷ ಹೊಸ ಹುಡುಗರನ್ನ ಆರಿಸಿಕೊಳ್ಳುವಾಗ ಕೆಳಗಿನ ತಂಡಕ್ಕೆ ಮೊದಲ ಅವಕಾಶ. ಸೋತವರಿಗೆ ಸಹಾಯ ಆಗ್ಲಿ ಅಂತ ಮಾಡಿದ ನಿಯಮ. ಹ್ಯೂಸ್ಟನ್ ಆಸ್ಟ್ರೋಸ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತು, ಆ ಹುಡುಗರನ್ನೇ ಬೆಳೆಸಿ 2017ರಲ್ಲಿ ಕಪ್ ಗೆದ್ದಿತು. ಅದನ್ನ ನೋಡಿ ಉಳಿದವರೂ ಕಲಿತರು. ಜೊತೆಗೆ ಇಲ್ಲಿ ಇನ್ನೊಂದು ವಿಷಯ ಇದೆ. ಯುರೋಪಿನ ಫುಟ್‌ಬಾಲ್‌ನಲ್ಲಿ ಕೊನೆಗೆ ಬಂದ್ರೆ ಕೆಳಗಿನ ಲೀಗ್‌ಗೆ ತಳ್ಳುತ್ತಾರೆ, ಮಾಲೀಕರಿಗೆ ನಷ್ಟ. ಅಮೆರಿಕದಲ್ಲಿ 121 ಸೋತರೂ ಮುಂದಿನ ವರ್ಷ ಅದೇ ಲೀಗ್, ಟಿವಿ ಹಕ್ಕಿನ ದುಡ್ಡಿನಲ್ಲಿ ಪಾಲು ಬಂದೇ ಬರುತ್ತೆ.

ಟ್ಯಾಂಕಿಂಗ್ ಜಾಸ್ತಿ ಆಯ್ತು ಅಂತ 2022ರಲ್ಲಿ ನಿಯಮ ಬದಲಾಯ್ತು. ಈಗ ಮೊದಲ ಆರು ಸ್ಥಾನಕ್ಕೆ ಲಾಟರಿ. ಅದರ ಮೇಲೆ, ದೊಡ್ಡ ಊರಿನ ಶ್ರೀಮಂತ ತಂಡಗಳಿಗೆ ಸತತ ಎರಡು ವರ್ಷ ಲಾಟರಿ ಸ್ಥಾನ ಇಲ್ಲ. ವೈಟ್ ಸಾಕ್ಸ್ 2024ರಲ್ಲಿ 5ನೇ ಆಯ್ಕೆ ಪಡೆದಿತ್ತು. ಹಾಗಾಗಿ 121 ಸೋತ ಮೇಲೆ 2025ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು 10ನೇ ಸ್ಥಾನ. ಅಂದ್ರೆ ಸೋತಿದ್ದಕ್ಕೆ ಸಿಗಬೇಕಿದ್ದ ಸಮಾಧಾನವೂ ಸಿಗಲಿಲ್ಲ.

ಇಲ್ಲಿ ಐಪಿಎಲ್ ಎಷ್ಟು ಬೇರೆ ಅಂತ ನೋಡಿ. ನಮ್ಮಲ್ಲಿ ಪರ್ಸ್ ಸಮ, ಮೂರ್ನಾಲ್ಕು ವರ್ಷಕ್ಕೊಮ್ಮೆ ಮೆಗಾ ಹರಾಜು, ತಂಡ ಹೊಸದಾಗಿ ಕಟ್ಟಬಹುದು. 2019ರಲ್ಲಿ ಕೊನೇ ಸ್ಥಾನದಲ್ಲಿದ್ದ ಆರ್‌ಸಿಬಿ 2020ರಲ್ಲಿ ಪ್ಲೇಆಫ್‌ಗೆ ಬಂತು. "ಈ ಸಲ ಕಪ್ ನಮ್ದೇ" ಅಂತ ಪ್ರತಿ ವರ್ಷ ಹೇಳೋಕೆ ಒಂದು ಆಧಾರವಾದ್ರೂ ಇತ್ತು. ವೈಟ್ ಸಾಕ್ಸ್ ಅಭಿಮಾನಿಗೆ ಈ ಸಲ ಅಲ್ಲ, ಮುಂದಿನ ಸಲವೂ ಅಲ್ಲ, ಮೂರ್ನಾಲ್ಕು ವರ್ಷ ಕಾಯಿ ಅಂತ ಮೊದಲೇ ಹೇಳಿಬಿಡ್ತಾರೆ. ಟಿಕೆಟ್ ಮಾತ್ರ ಈ ವರ್ಷವೇ ತಗೋಬೇಕು.

ಸ್ಟೇಡಿಯಂ ವಿಷಯ: ಜನ ಸಿಟ್ಟಾಗಿದ್ದು ಇದಕ್ಕೇ

ತಂಡ ಆಡೋ ಈಗಿನ ಸ್ಟೇಡಿಯಂ 1991ರಲ್ಲಿ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು. 1988ರಲ್ಲಿ ಮಾಲೀಕರು, ಹೊಸ ಮೈದಾನ ಕೊಡದಿದ್ರೆ ತಂಡವನ್ನ ಫ್ಲೋರಿಡಾಗೆ ತಗೊಂಡು ಹೋಗ್ತೀವಿ ಅಂತ ಒತ್ತಡ ಹಾಕಿದ್ದರು. ಇಲಿನಾಯ್ ವಿಧಾನಸಭೆಯಲ್ಲಿ ಮಧ್ಯರಾತ್ರಿಯ ಗಡುವು ಮೀರಬಾರದು ಅಂತ ಗಡಿಯಾರ ನಿಲ್ಲಿಸಿ ಮಸೂದೆ ಪಾಸ್ ಮಾಡಿದ ಕಥೆ ಅಲ್ಲಿ ಇಂದಿಗೂ ಹೇಳ್ತಾರೆ.

2024ರಲ್ಲಿ ಮತ್ತೆ ಅದೇ. ಹೊಸ ಸ್ಟೇಡಿಯಂ ಬೇಕು, ಸರ್ಕಾರ ಸಹಾಯ ಮಾಡಬೇಕು ಅಂತ ಕೇಳಿದರು. ಕೇಳಿದ ಮೊತ್ತ ಸುಮಾರು 100 ಕೋಟಿ ಡಾಲರ್ ಅಂತ ಅಲ್ಲಿನ ಪತ್ರಿಕೆಗಳು ವರದಿ ಮಾಡಿದ್ದವು. ಕಡೆ ಸ್ಥಾನದ ತಂಡ, ಅದಕ್ಕೆ ಜನರ ತೆರಿಗೆ ದುಡ್ಡು. ನಮ್ಮ ಜಿಲ್ಲೆಯಲ್ಲಿ ಯಾರಾದ್ರೂ ಹೀಗೆ ಕೇಳಿದ್ರೆ ಏನಂತಿದ್ವಿ ಅಂತ ಯೋಚನೆ ಮಾಡಿ. ಅದೇ ಅಂದ್ರು ಅಲ್ಲಿನವರೂ. ಮೈದಾನದಲ್ಲಿ ಘೋಷಣೆ ಶುರುವಾಯ್ತು: ತಂಡ ಮಾರಿ, ತಂಡ ಮಾರಿ.

ಕೊನೇ ವಾರ

ಸೆಪ್ಟೆಂಬರ್ 22ಕ್ಕೆ 120ನೇ ಸೋಲು. ಇದರೊಂದಿಗೆ 1962ರ ನ್ಯೂಯಾರ್ಕ್ ಮೆಟ್ಸ್ ದಾಖಲೆ ಸಮ. ಮೆಟ್ಸ್ ಆಗ ಹೊಸದಾಗಿ ಹುಟ್ಟಿದ ತಂಡ, 40 ಗೆದ್ದು 120 ಸೋತಿತ್ತು. ಆದ್ರೂ ಜನ ಅದನ್ನ ಪ್ರೀತಿ ಮಾಡಿದರು, ಏಳು ವರ್ಷಕ್ಕೆ, 1969ರಲ್ಲಿ, ಕಪ್ಪನ್ನೂ ಗೆದ್ದಿತು.

24ರಿಂದ ಚಿಕಾಗೋದಲ್ಲೇ ಏಂಜಲ್ಸ್ ಎದುರು ಮೂರು ಪಂದ್ಯ. ಸೋಲಿನ ದಾಖಲೆ ಕಣ್ಣಾರೆ ನೋಡೋಣ ಅಂತಲೇ ಜನ ಬಂದಿದ್ರು. ಮೊದಲ ದಿನ 2-0ರಿಂದ ಹಿಂದೆ ಇದ್ದಾಗ ತಂಡ ಮಾರಿ ಅನ್ನೋ ಕೂಗು ಜೋರಾಯ್ತು. ಆಮೇಲೆ ಎಂಟನೇ ಇನ್ನಿಂಗ್ಸ್‌ನಲ್ಲಿ ಮೂರು ರನ್ ಬಂತು, 3-2ರಿಂದ ಗೆದ್ದರು! ಮರುದಿನ ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ ಗೆಲುವು. ಮೂರನೇ ದಿನ 7-0. ವರ್ಷ ಪೂರ್ತಿ ಗೆಲ್ಲು ಅಂದಾಗ ಗೆಲ್ಲಲಿಲ್ಲ, ಸೋಲನ್ನ ನೋಡೋಕೆ ಬಂದಾಗ ಸೋಲಲಿಲ್ಲ.

27ರ ಶುಕ್ರವಾರ ರಾತ್ರಿ ಡೆಟ್ರಾಯಿಟ್‌ನಲ್ಲಿ 4-1ರಿಂದ ಸೋತು 121 ಆಯ್ತು. ಅದೇ ಪಂದ್ಯ ಗೆದ್ದು ಡೆಟ್ರಾಯಿಟ್ ಟೈಗರ್ಸ್ 2014ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋಯ್ತು. ಮೈದಾನದಲ್ಲಿ ಒಂದು ಕಡೆ ಕುಣಿತ, ಇನ್ನೊಂದು ಕಡೆ ತಲೆ ತಗ್ಗಿಸಿ ಒಳಗೆ ಹೋಗುತ್ತಿರೋ ಆಟಗಾರರು. ಹಾಗೆ ನೋಡಿದ್ರೆ ಇದೇ ಟೈಗರ್ಸ್ 2003ರಲ್ಲಿ 119 ಸೋತಿತ್ತು. ಮೂರೇ ವರ್ಷಕ್ಕೆ, 2006ರಲ್ಲಿ, ಫೈನಲ್ ಆಡಿತು.

ಆಮೇಲೆ ಉಳಿದ ಎರಡು ಪಂದ್ಯವನ್ನ ವೈಟ್ ಸಾಕ್ಸ್ ಗೆದ್ದಿತು. ಕೊನೇ ಆರರಲ್ಲಿ ಐದು ಗೆಲುವು. ಹೀಗಾಗಿ ಶೇಕಡಾವಾರು ಲೆಕ್ಕದಲ್ಲಿ 1962ರ ಮೆಟ್ಸ್‌ಗಿಂತ ಕೂದಲೆಳೆಯಷ್ಟು ಮೇಲೆಯೇ ನಿಂತಿತು. ಇನ್ನೂ ಹಿಂದಕ್ಕೆ ಹೋದ್ರೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಇದೆ, 20 ಗೆಲುವು, 134 ಸೋಲು. ಅದರ ಮಾಲೀಕರು ಇನ್ನೊಂದು ಊರಿನ ತಂಡವನ್ನೂ ಕೊಂಡು, ಒಳ್ಳೆ ಆಟಗಾರರನ್ನೆಲ್ಲಾ ಅಲ್ಲಿಗೆ ಸಾಗಿಸಿದ್ದರು. ಆ ವರ್ಷವೇ ತಂಡ ಮುಚ್ಚಿಹೋಯ್ತು.

ಆಮೇಲೆ ಏನಾಯ್ತು?

- 2024ರ ಡಿಸೆಂಬರ್‌ನಲ್ಲಿ ತಂಡದ ಒಬ್ಬನೇ ಸ್ಟಾರ್ ಕ್ರೋಶೆಯನ್ನೂ ಬಾಸ್ಟನ್‌ಗೆ ಕೊಟ್ಟರು. ಆ ಸೋಲಿನ ವರ್ಷದಲ್ಲೂ 209 ಬ್ಯಾಟರ್‌ಗಳನ್ನ ಸ್ಟ್ರೈಕ್‌ಔಟ್ ಮಾಡಿದವರು ಅವರು. ಬದಲಿಗೆ ನಾಲ್ಕು ಎಳೇ ಹುಡುಗರು ಬಂದರು.
- ಹೊಸ ಮ್ಯಾನೇಜರ್ ವಿಲ್ ವೆನಬಲ್. 2025ರಲ್ಲಿ 60 ಗೆಲುವು, 102 ಸೋಲು. ಹಿಂದಿನ ವರ್ಷಕ್ಕಿಂತ 19 ಗೆಲುವು ಜಾಸ್ತಿ. ಕೋಲ್ಸನ್ ಮಾಂಟ್‌ಗೊಮರಿ ಅನ್ನೋ ಹೊಸ ಹುಡುಗ 71 ಪಂದ್ಯದಲ್ಲಿ 21 ಹೋಮ್ ರನ್ ಹೊಡೆದ.
- 2025ರಲ್ಲಿ ಕೊಲೊರಾಡೊ ರಾಕೀಸ್ 119 ಸೋತು ಈ ದಾಖಲೆಯ ಹತ್ತಿರ ಬಂತು, ಮುರಿಯಲಿಲ್ಲ.
- 2025ರ ಜೂನ್‌ನಲ್ಲಿ ಹೂಡಿಕೆದಾರ ಜಸ್ಟಿನ್ ಇಶ್ಬಿಯಾ ಜೊತೆ ಒಪ್ಪಂದ ಆಯ್ತು. 2029ರಿಂದ ಮುಂದೆ ತಂಡದ ಹಿಡಿತ ಅವರ ಕೈಗೆ ಹೋಗೋ ಸಾಧ್ಯತೆ ಇದೆ.
- 2025ರ ಮೇನಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ ಚಿಕಾಗೋದವರು. ಅವರು ವೈಟ್ ಸಾಕ್ಸ್ ಅಭಿಮಾನಿ, 2005ರ ಫೈನಲ್‌ನ ಮೊದಲ ಪಂದ್ಯಕ್ಕೆ ಸ್ಟೇಡಿಯಂನಲ್ಲೇ ಕೂತಿದ್ದರು. ದೇವರಿಗೆ ಹತ್ತಿರದವರೇ ಕೈಹಿಡಿದ್ರು ಅಂತ ಜನ ತಮಾಷೆ ಮಾಡಿದರು. ಆದ್ರೂ 102 ಸೋತರು ಅನ್ನೋದು ಬೇರೆ ಮಾತು.

ಕೊನೆಗೊಂದು ಮಾತು

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಬ್ಯಾಕ್‌ಲಾಗ್ ಎಷ್ಟಿತ್ತು ಅಂತ ಇಲ್ಲಿ ಬರೆಯಲ್ಲ. ಒಂದು ಮಾತ್ರ ಗೊತ್ತು: ಮೊದಲ ಸಬ್ಜೆಕ್ಟ್ ಹೋದಾಗ ಮನೆಯವರೆಲ್ಲಾ ಕೇಳ್ತಾರೆ, ಆರನೇದು ಹೋದಾಗ ಯಾರೂ ಕೇಳಲ್ಲ. ಆ ಕೇಳದೇ ಇರೋದೇ ಜಾಸ್ತಿ ಕಷ್ಟ. ತಂಡಗಳಿಗೂ ಹಾಗೇ ಇರಬೇಕು. ಜನ ಬಯ್ತಿರೋವರೆಗೂ ತಂಡಕ್ಕೆ ಜೀವ ಇದೆ. ಸೌತ್ ಸೈಡ್‌ನಲ್ಲಿ ಸ್ಟೇಡಿಯಂನ ಅರ್ಧಕ್ಕರ್ಧ ಕುರ್ಚಿ ಖಾಲಿ ಇದ್ದ ರಾತ್ರಿಗಳಲ್ಲೂ ತಂಡ ಮಾರಿ ಅಂತ ಕೂಗೋಕೆ ಕೆಲವರಾದ್ರೂ ಟಿಕೆಟ್ ತಗೊಂಡು ಬಂದಿದ್ರು. ಮಾಲೀಕರು ಹೆದರಬೇಕಾಗಿದ್ದು ಕೂಗಿದವರಿಗಲ್ಲ, ಬರದೇ ಇದ್ದವರಿಗೆ.

ಗೆಳೆಯನನ್ನ ಮೊನ್ನೆ ಕೇಳಿದೆ, ಆ ಕ್ಲೈಂಟ್ ಈಗ ಏನಂತಾರೆ ಅಂತ. 2025ರಲ್ಲೂ ಮ್ಯಾಚ್‌ಗೆ ಹೋಗಿದ್ರಂತೆ, ಮಗಳನ್ನೂ ಕರ್ಕೊಂಡು. ಆ ದಿನವೂ ಸೋತರಂತೆ. ಆದ್ರೆ ಹೊಸ ಹುಡುಗ ಒಬ್ಬ ಚೆನ್ನಾಗಿ ಹೊಡೆದ ಅಂತ ಹತ್ತು ನಿಮಿಷ ಹೇಳಿದ್ರಂತೆ. ಕಾಲ್ ಹತ್ತು ನಿಮಿಷ ಲೇಟಾಗಿ ಶುರುವಾಯ್ತು.